ಅಪ್ಪಯ್ಯ ವೆಂಟಿಲೇಟರ್ ಮೇಲಿದ್ದಾರೆ, ಸಂಶೋಧನೆಗೆ ಒಪ್ಪಿಗೆ ಕೇಳುತ್ತಿದ್ದಾರೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕು)

ನಮ್ಮ ಅಪ್ಪಯ್ಯನಿಗೆ 61 ವರ್ಷ. ತೋಟದ ಕೆಲಸದ ನಡುವೆ ಬಂದ ಜ್ವರ ಸ್ಕ್ರಬ್ ಟೈಫಸ್ (ಹುಲ್ಲು, ಪೊದೆಯಲ್ಲಿರುವ ಸಣ್ಣ ನುಸಿಯ ಕಡಿತದಿಂದ ಬರುವ ಜ್ವರ) ಎಂದು ಗೊತ್ತಾಗುವಷ್ಟರಲ್ಲಿ ಎಂಟು ದಿನ ಕಳೆದಿತ್ತು. ಎರಡೂ ಶ್ವಾಸಕೋಶಗಳಿಗೆ ಹರಡಿ, ಅವು ನೀರು ತುಂಬಿ ರಕ್ತಕ್ಕೆ ಆಮ್ಲಜನಕ ಸಾಲದಾಗುವ ಎಆರ್‌ಡಿಎಸ್ ಆಗಿದ್ದು, ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲೆ ಇದು ನಾಲ್ಕನೆಯ ದಿನ. ವೆಂಟಿಲೇಟರ್‌ನಿಂದಾಗಿ ಬರುವ ನ್ಯುಮೋನಿಯಾವನ್ನು ತಡೆಯಲು ಆ್ಯಂಟಿಬಯೋಟಿಕ್ ಔಷಧವನ್ನು ಮೂರು ದಿನ ನೆಬ್ಯುಲೈಸರ್ ಮೂಲಕ ಕೊಡುವ ಅಧ್ಯಯನ ಅಲ್ಲಿ ನಡೆಯುತ್ತಿದೆಯಂತೆ. ಅರ್ಧ ಜನರಿಗೆ ಔಷಧ, ಇನ್ನರ್ಧ ಜನರಿಗೆ ಬರೀ ಸಲೈನ್. ಯಾರಿಗೆ ಯಾವುದು ಎಂಬುದು ವೈದ್ಯರಿಗೂ ಗೊತ್ತಿರುವುದಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಉತ್ತರ ಹೇಳಬೇಕು. ಬೆಂಗಳೂರಿನಲ್ಲಿರುವ ಅಕ್ಕ ಬೇಡವೇ ಬೇಡ ಎನ್ನುತ್ತಿದ್ದಾಳೆ. ಸಹಿ ಮಾಡಬಹುದೇ? ಮಾಡಿದ ಮೇಲೆ ಮನಸ್ಸು ಬದಲಾದರೆ ಹಿಂದೆ ಸರಿಯಬಹುದೇ?

ಹೊಸನಗರದ ಅಡಿಕೆ ಬೆಳೆಗಾರ

ನಾನು ಸಹಿ ಮಾಡಲಿಲ್ಲ, ಆ ಬಗ್ಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ನನ್ನ ಅಣ್ಣನಿಗೆ ಎಚ್‌1ಎನ್‌1 ಬಂದು 26 ದಿನ ಐಸಿಯುನಲ್ಲಿದ್ದ, ಅದರಲ್ಲಿ 19 ದಿನ ವೆಂಟಿಲೇಟರ್. ಮೂರನೆಯ ದಿನವೇ ಒಬ್ಬರು ಯುವ ವೈದ್ಯರು ಹನ್ನೊಂದು ಪುಟದ ಕಾಗದ ಹಿಡಿದು ಬಂದರು. ಎರಡು ರಾತ್ರಿ ನಿದ್ದೆಯಿಲ್ಲದೆ ಬೆಂಚಿನ ಮೇಲೆ ಕುಳಿತವನಿಗೆ ಹನ್ನೊಂದು ಪುಟ ಕೊಟ್ಟು ಅರ್ಧ ಗಂಟೆಯಲ್ಲಿ ಓದಿ ಎಂದರೆ ಏನು ಹೇಳುವುದು? ಆಗುವುದಿಲ್ಲ ಎಂದೆ.

ಏಳನೆಯ ದಿನ ಅಣ್ಣನಿಗೆ ಮತ್ತೆ ಜ್ವರ ಏರಿತು. ಅಲ್ಲಿಯವರೆಗೆ ಸಕ್ಷನ್ ಮಾಡಿದಾಗ ಬಿಳಿಯಾಗಿ ಬರುತ್ತಿದ್ದ ಕಫ ಹಳದಿಯಾಗಿ, ಪೈಪಿನಲ್ಲಿ ಎಳೆಎಳೆಯಾಗಿ ಅಂಟಿಕೊಳ್ಳುವಷ್ಟು ಗಟ್ಟಿಯಾಯಿತು. ಕಫದ ಕಲ್ಚರ್ ಪರೀಕ್ಷೆಯಲ್ಲಿ ಆಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬಂತು. ಉಳಿದ ಯಾವ ಔಷಧಕ್ಕೂ ಬಗ್ಗದ ಕಾರಣ ಕೊಲಿಸ್ಟಿನ್ ಶುರು ಮಾಡಿದರು. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ ಎಂದು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು, 1.1 ಇದ್ದ ಕ್ರಿಯಾಟಿನಿನ್ ಆರು ದಿನಗಳಲ್ಲಿ 3.4 ಆಯಿತು, ಮೂರು ಬಾರಿ ಡಯಾಲಿಸಿಸ್ ಮಾಡಿಸಬೇಕಾಯಿತು. ಬಿಲ್ಲು ಒಟ್ಟು 11,38,000 ರೂಪಾಯಿ. ಹಾಸಿಗೆಗೆ ದಿನಕ್ಕೆ 9,500, ವೆಂಟಿಲೇಟರ್‌ಗೆ 6,000, ಕೈಗವಸಿಗೇ ಒಂದು ದಿನ 1,460 ಬರೆದಿದ್ದರು, ಆ ಹಾಳೆ ಇನ್ನೂ ನನ್ನ ಬಳಿ ಇದೆ. ದರ ಏರಲೆಂದು ಕಾದಿಟ್ಟಿದ್ದ 22 ಕ್ವಿಂಟಾಲ್ ರಾಶಿ ಅಡಿಕೆಯನ್ನು ಮಂಡಿಗೆ ಹಾಕಿದೆ, ಅತ್ತಿಗೆಯ ಬಂಗಾರವನ್ನು ಅಡವಿಟ್ಟೆ.

ಅಣ್ಣ ಉಳಿದ. ಆದರೆ ಮನೆಗೆ ಬಂದ ಎರಡು ತಿಂಗಳು ಕಾಫಿ ಲೋಟ ಹಿಡಿಯಲು ಕೈಯಲ್ಲಿ ಬಲವಿರಲಿಲ್ಲ, ಸೊಂಟದ ಹಿಂದಿನ ಹುಣ್ಣಿಗೆ ನಾಲ್ಕು ತಿಂಗಳು ಡ್ರೆಸಿಂಗ್ ಮಾಡಿದೆವು. ಇಷ್ಟೆಲ್ಲ ಸಾಮಾನ್ಯ ಚಿಕಿತ್ಸೆಯಲ್ಲೇ ಆಗುವಾಗ, ಅದರ ಮೇಲೊಂದು ಪ್ರಯೋಗ ಏಕೆ ಬೇಕು?

ಸಾಗರದ ಶಿಕ್ಷಕಿ

ಮೇಲಿನವರ ಬರಹವನ್ನು ಎರಡು ಸಲ ಓದಿದೆ. ಸಹಿ ಮಾಡದಿದ್ದರೂ ಅವರ ಅಣ್ಣನಿಗೆ ನ್ಯುಮೋನಿಯಾ ಬಂತು, ಮತ್ತು ಪ್ರಶ್ನೆ ಕೇಳಿದವರ ಆಸ್ಪತ್ರೆಯ ಅಧ್ಯಯನ ತಡೆಯಲು ಹೊರಟಿರುವುದು ಅದೇ ನ್ಯುಮೋನಿಯಾವನ್ನು. ಇದನ್ನು ಗಮನಿಸದೆ ಬೇಡ ಎಂದುಬಿಡುವುದು ಸರಿಯಲ್ಲ.

ನಾನು ಸಹಿ ಮಾಡಿದ್ದೆ. ನನ್ನ ಅಮ್ಮ ಉಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೇನೆ, ಏಕೆಂದರೆ ಸಹಿ ಮಾಡಿದ್ದರಿಂದಲೇ ಹೋದರು ಎಂದು ನಮ್ಮ ಮನೆಯಲ್ಲೇ ಹೇಳಿದವರಿದ್ದಾರೆ. ಅಮ್ಮನಿಗೂ ಸ್ಕ್ರಬ್ ಟೈಫಸ್. ಬ್ಯಾಣದಲ್ಲಿ ಹುಲ್ಲು ಕೊಯ್ದು ಬಂದ ಹತ್ತು ದಿನಕ್ಕೆ ಜ್ವರ ಹಿಡಿಯಿತು. ಹತ್ತಿರದ ಕ್ಲಿನಿಕ್ ಒಂದರಲ್ಲಿ ವಿಡಾಲ್ ಪರೀಕ್ಷೆ ಮಾಡಿ ಟೈಫಾಯ್ಡ್ ಎಂದರು, ಆರು ದಿನ ಇಂಜೆಕ್ಷನ್ ಚುಚ್ಚಿದರು. ಆ ಜಾತಿಯ ಆ್ಯಂಟಿಬಯೋಟಿಕ್ ಸ್ಕ್ರಬ್ ಟೈಫಸ್‌ನ ರೋಗಾಣುವಿಗೆ ತಾಗುವುದೇ ಇಲ್ಲ, ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್ ಬೇಕು ಎಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಐಸಿಯುಗೆ ಸೇರಿಸಿದ ರಾತ್ರಿ ಮೈ ಒರೆಸುತ್ತಿದ್ದ ನರ್ಸ್ ಒಬ್ಬರು ನನ್ನನ್ನು ಪರದೆಯೊಳಗೆ ಕರೆದು ಅಮ್ಮನ ಎದೆಯ ಕೆಳಗಿನ ಮಡಿಕೆಯನ್ನು ಮೆಲ್ಲಗೆ ಎತ್ತಿ ತೋರಿಸಿದರು. ಬೀಡಿ ಚುಚ್ಚಿ ಸುಟ್ಟಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು, ನಮ್ಮ ಶರಟಿನ ಗುಂಡಿಗಿಂತ ಚಿಕ್ಕದು. ನುಸಿ ಕಚ್ಚಿದ ಗುರುತು ಅದು. ಆರು ದಿನ ಯಾರೂ ಆ ಜಾಗವನ್ನು ನೋಡಿರಲಿಲ್ಲ. ಮಗಳಾಗಿ ನಾನೂ ನೋಡಿರಲಿಲ್ಲ.

ಆ ಆಸ್ಪತ್ರೆಯ ಅಧ್ಯಯನದಲ್ಲಿ ಹೊಸ ಔಷಧವೇನೂ ಇರಲಿಲ್ಲ. ರಕ್ತದ ಮಾದರಿ ಮತ್ತು ದಿನದಿನದ ಆಮ್ಲಜನಕದ ಲೆಕ್ಕವನ್ನು ಬರೆದುಕೊಳ್ಳುವುದಷ್ಟೇ. ಹನ್ನೆರಡನೆಯ ದಿನ ಅಮ್ಮ ತೀರಿಕೊಂಡರು. ಒಪ್ಪಿಗೆ ಪತ್ರದ ಪ್ರತಿ ಬೀರುವಿನಲ್ಲಿ ಅಮ್ಮನ ಆಧಾರ್ ಕಾರ್ಡಿನ ಜೊತೆಗಿದೆ.

ಕಳೆದುಕೊಂಡವರು ಸಹಿ ಮಾಡಿದ್ದರಿಂದಲೇ ಮುಂದಿನವರಿಗೆ ತಿಳಿಯುವುದು. ತೀವ್ರ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಒಂದೇ ಸಾಕೋ, ಅಜಿತ್ರೋಮೈಸಿನ್ ಸಾಕೋ, ಎರಡೂ ಬೇಕೋ ಎಂಬುದನ್ನು ನಮ್ಮ ದೇಶದ ಏಳು ಕೇಂದ್ರಗಳಲ್ಲಿ ಸುಮಾರು 800 ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 62 ಜನರಿಗೆ ಉಸಿರಾಟದ ತೊಡಕು ಇತ್ತು. ಸಾವು, ಏಳನೆಯ ದಿನಕ್ಕೂ ಬಿಡದ ತೊಡಕು, ಐದನೆಯ ದಿನಕ್ಕೂ ಇಳಿಯದ ಜ್ವರ ಇವನ್ನು ಒಟ್ಟು ಸೇರಿಸಿ ನೋಡಿದಾಗ, ಎರಡೂ ಔಷಧ ಪಡೆದವರಲ್ಲಿ ಅದು ನೂರಕ್ಕೆ 33, ಒಂದೊಂದೇ ಪಡೆದವರಲ್ಲಿ 47, 48. ಪ್ರಶ್ನೆ ಕೇಳಿದವರ ತಂದೆಗೆ ಇವತ್ತು ಎರಡೂ ಔಷಧ ಹೋಗುತ್ತಿದ್ದರೆ, ಅದು ಯಾವುದೋ 800 ಮನೆಗಳವರು ಹಾಕಿದ ಸಹಿಯಿಂದ.

ಕೊಪ್ಪದಿಂದ

ಸಹಿಯ ಚರ್ಚೆ ಆಮೇಲೆ ಇರಲಿ, ಮೊದಲು ದೊಡ್ಡ ಆಸ್ಪತ್ರೆಗೆ ಸಾಗಿಸಿ. ನನ್ನ ಯಜಮಾನರಿಗೆ ಇಲಿ ಜ್ವರವಾಗಿ ಶ್ವಾಸಕೋಶದೊಳಗೆ ರಕ್ತಸ್ರಾವವಾಗುತ್ತಿತ್ತು, ಟ್ಯೂಬಿನಲ್ಲಿ ಕೆಂಪು ನೊರೆ ಬರುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಹೊರಟು ಆಗುಂಬೆ ಘಾಟಿ ಇಳಿದೆವು. ಪ್ರತಿ ತಿರುವಿನಲ್ಲೂ ಸ್ಟ್ರೆಚರ್ ಜರುಗದಂತೆ ನಾನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೆ, ನನ್ನ ಕಣ್ಣು ಮಾತ್ರ ಸಿಲಿಂಡರಿನ ಮುಳ್ಳಿನ ಮೇಲಿತ್ತು. ಸೋಮೇಶ್ವರದಲ್ಲಿ ಸಿಲಿಂಡರ್ ಬದಲಾಯಿಸಿದರು. ಆಂಬುಲೆನ್ಸ್‌ಗೆ 18,000, ಜೊತೆಗೆ ಬಂದ ತಂತ್ರಜ್ಞರಿಗೆ ಬೇರೆ 3,000. ಯಜಮಾನರು ಉಳಿದರು. ಅಲ್ಲೇ ಬಿಟ್ಟಿದ್ದರೆ ಬೆಳಗು ಕಾಣುತ್ತಿರಲಿಲ್ಲ.

ಹೊಸನಗರದ ಅಡಿಕೆ ಬೆಳೆಗಾರ

ಅಮ್ಮಾ, ನಿಮ್ಮ ಯಜಮಾನರು ಉಳಿದದ್ದು ದೇವರ ದಯೆ. ವೆಂಟಿಲೇಟರ್ ಮೇಲಿರುವವರನ್ನು ಘಾಟಿಯಲ್ಲಿ ಸಾಗಿಸಿ ಎಂದು ಎಲ್ಲರಿಗೂ ಹೇಳಬೇಡಿ. ನಮ್ಮ ಪಕ್ಕದ ಹಾಸಿಗೆಯವರನ್ನು ಹಾಗೆಯೇ ಹೊರಡಿಸಿದ್ದರು, ಅರ್ಧ ದಾರಿಯಿಂದ ಶವ ವಾಪಸ್ಸು ಬಂತು. ಶಿಕ್ಷಕಿಯವರಿಗೂ ಒಂದು ಮಾತು: ತಿಂಗಳ ಸಂಬಳ ಇರುವವರಿಗೆ ಮುಂದಿನ ರೋಗಿಗಳ ಚಿಂತೆ ಮಾಡಲು ಪುರುಸೊತ್ತು ಇರುತ್ತದೆ. ನನಗೆ ಆಗ ಇದ್ದದ್ದು ಅಣ್ಣನ ಚಿಂತೆ ಮಾತ್ರ.

ಸಾಗರದ ಶಿಕ್ಷಕಿ

ನಾನು ಅನುದಾನರಹಿತ ಶಾಲೆಯ ಶಿಕ್ಷಕಿ. ಅಮ್ಮನ ಚಿಕಿತ್ಸೆಗೆ ಸಹಕಾರ ಸಂಘದಲ್ಲಿ ಮಾಡಿದ ಸಾಲದ ಕಂತು ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇದೆ. ನನ್ನ ಸಂಬಳದ ವಿಚಾರ ತಮಗೆ ಬೇಡ.

ಕೊಪ್ಪದಿಂದ

ಪಕ್ಕದ ಹಾಸಿಗೆಯವರ ಕಥೆ ಹೇಳಿ ನನ್ನ ತೀರ್ಮಾನ ತಪ್ಪು ಎನ್ನುತ್ತೀರಾ? ಆ ರಾತ್ರಿ ಮೈದುನರೂ ಹೀಗೆಯೇ ಹೆದರಿಸಿದ್ದರು. ಆಗ ಅವರ ಮಾತು ಕೇಳಲಿಲ್ಲ, ಈಗ ನಿಮ್ಮದನ್ನೂ ಕೇಳುವುದಿಲ್ಲ.

ಶಿವಮೊಗ್ಗ, ಐಸಿಯು ನರ್ಸ್

ಹದಿಮೂರು ವರ್ಷದಿಂದ ಐಸಿಯುನಲ್ಲಿದ್ದೇನೆ. ಸಾಗಿಸುವುದು ಸರಿಯೋ ತಪ್ಪೋ ಎಂದು ದೂರ ಕುಳಿತು ಜಗಳವಾಡುವುದು ವ್ಯರ್ಥ. ಆ ಹೊತ್ತಿನ ರಕ್ತದೊತ್ತಡ, ಆಮ್ಲಜನಕ ಎಷ್ಟಿದೆ, ಜೊತೆಗೆ ಯಾರು ಹೋಗುತ್ತಾರೆ ಎಂಬುದರ ಮೇಲೆ ಅದು ನಿಂತಿದೆ.

ಪ್ರಯೋಗ ಎಂಬ ಪದಕ್ಕೆ ಹೆದರುವವರಿಗೆ ಹೇಳುತ್ತೇನೆ. ಇಂದು ನಾವು ಐಸಿಯುನಲ್ಲಿ ಮಾಡುವ ಕೆಲಸದ ಎಷ್ಟೋ ಭಾಗ ಇಂಥ ಅಧ್ಯಯನಗಳಿಂದಲೇ ಬಂದದ್ದು. ಮೊದಲೆಲ್ಲ ವೆಂಟಿಲೇಟರ್‌ನಲ್ಲಿ ಒಂದೊಂದು ಉಸಿರಿಗೂ ಹೆಚ್ಚು ಗಾಳಿ ತುಂಬುತ್ತಿದ್ದರು. 2000ದಲ್ಲಿ ಅಮೆರಿಕದಲ್ಲಿ 861 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಕಿಲೋಗೆ 12 ಮಿಲಿಲೀಟರ್ ಕೊಟ್ಟವರಲ್ಲಿ ನೂರಕ್ಕೆ ಸುಮಾರು 40 ಜನ ತೀರಿಕೊಂಡರೆ, 6 ಮಿಲಿಲೀಟರ್ ಕೊಟ್ಟವರಲ್ಲಿ 31 ಜನ. ಆ ಕಿಲೋ ಎಂದರೆ ತೂಕದ ಯಂತ್ರ ತೋರಿಸುವ ಕಿಲೋ ಅಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು; ಅದಕ್ಕೇ ಸೇರಿಸಿಕೊಂಡ ಕೂಡಲೇ ನಾವು ರೋಗಿಯ ಪಕ್ಕ ಟೇಪು ಹಿಡಿಯುವುದು. ಹಾಗೆಯೇ ತೀವ್ರ ಎಆರ್‌ಡಿಎಸ್ ಆದವರನ್ನು ದಿನಕ್ಕೆ ಕನಿಷ್ಠ 16 ಗಂಟೆ ಕವುಚಿ ಮಲಗಿಸಿದರೆ, 28 ದಿನಗಳೊಳಗಿನ ಸಾವು ನೂರಕ್ಕೆ 33ರಿಂದ 16ಕ್ಕೆ ಇಳಿಯಿತೆಂದು ಫ್ರಾನ್ಸ್ ಮತ್ತು ಸ್ಪೇನ್‌ನ 466 ಜನರ ಅಧ್ಯಯನ 2013ರಲ್ಲಿ ತೋರಿಸಿತು. ಕವುಚುವುದು ಸುಲಭದ ಕೆಲಸವಲ್ಲ. ಐದು ಜನ ಸೇರುತ್ತೇವೆ, ತಲೆಯ ಬಳಿ ನಿಂತವರು ಟ್ಯೂಬ್ ಹಿಡಿದು ಎಣಿಸುತ್ತಾರೆ, ಮೂರು ಎಂದಾಗ ಎಲ್ಲರೂ ಒಟ್ಟಿಗೆ ತಿರುಗಿಸುತ್ತೇವೆ. ಕೆನ್ನೆ, ಎದೆ, ಮಂಡಿ ಒತ್ತಿ ಹುಣ್ಣಾಗದಂತೆ ದಿಂಬು ಇಡುತ್ತೇವೆ. ಕಳೆದ ವಾರ ಹೀಗೆ ತಿರುಗಿಸಿದ ಒಬ್ಬ ಹುಡುಗನ ರಕ್ತದ ಆಮ್ಲಜನಕದ ಸ್ಯಾಚುರೇಶನ್ ನಲವತ್ತು ನಿಮಿಷದಲ್ಲಿ 84ರಿಂದ 93ಕ್ಕೆ ಏರಿತು, ನಾವೆಲ್ಲ ಮಾನಿಟರ್ ನೋಡುತ್ತಾ ಮಾತಿಲ್ಲದೆ ನಿಂತಿದ್ದೆವು.

ಬೆಳೆಗಾರರೇ, ನಿಮ್ಮ ಅಣ್ಣನಿಗೆ ಆದ ಹುಣ್ಣಿಗೆ ನನ್ನಂಥವರೇ ಹೊಣೆ ಎಂದು ನೀವು ಅಂದುಕೊಂಡಿರಬಹುದು. ರಾತ್ರಿ ಪಾಳಿಯಲ್ಲಿ ಇಬ್ಬರು ರೋಗಿಗಳಿಗೆ ಒಬ್ಬಳೇ ಇದ್ದ ದಿನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪಿದ್ದುಂಟು. ಅದನ್ನು ಅಲ್ಲಗಳೆಯುವುದಿಲ್ಲ.

ತೀರ್ಥಹಳ್ಳಿಯಿಂದ (ಪ್ರಶ್ನೆ ಕೇಳಿದವರು)

ಎಲ್ಲರ ಉತ್ತರವನ್ನೂ ಓದಿದೆ. ಸಹಿ ಮಾಡಿದ ಮೇಲೆ ಹಿಂದೆ ಸರಿಯಬಹುದೇ ಎಂಬುದಕ್ಕೆ ಯಾರೂ ಉತ್ತರಿಸಲಿಲ್ಲ. ಈಗ ರಾತ್ರಿ ಒಂದೂವರೆ ಗಂಟೆ.

ಶಿವಮೊಗ್ಗ, ಐಸಿಯು ನರ್ಸ್

ಕ್ಷಮಿಸಿ, ಮೊದಲು ಅದನ್ನೇ ಬರೆಯಬೇಕಿತ್ತು. ಸರಿಯಬಹುದು, ಯಾವಾಗ ಬೇಕಾದರೂ, ಕಾರಣ ಹೇಳದೆ. ಅದರಿಂದ ನಿಮ್ಮ ತಂದೆಯ ಚಿಕಿತ್ಸೆಗೆ ಕುಂದು ಬರಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹಾಗೆಯೇ ಹೇಳುತ್ತದೆ. ತಂದೆಗೆ ಪ್ರಜ್ಞೆ ಬಂದ ಮೇಲೆ ಅವರನ್ನೂ ಕೇಳಬೇಕು. ಬೆಳಿಗ್ಗೆ ಹೋದಾಗ ಅಧ್ಯಯನವನ್ನು ಪರಿಶೀಲಿಸುವ ನೀತಿ ಸಮಿತಿಯ ಅನುಮೋದನೆ ಪತ್ರವನ್ನೂ ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆಯನ್ನೂ ಕೇಳಿ. ಅಧ್ಯಯನದ ಔಷಧ ನಿಮ್ಮ ಬಿಲ್ಲಿಗೆ ಸೇರುವುದಿಲ್ಲ ಎಂಬುದನ್ನೂ, ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದನ್ನೂ ಕಾಗದದಲ್ಲೇ ಓದಿಸಿಕೊಳ್ಳಿ. ಕನ್ನಡದ ಪ್ರತಿ ಕೊಡದಿದ್ದರೆ ಸಹಿ ಮಾಡಬೇಡಿ. ನೀವು ಹೇಳಿದಂಥದ್ದೇ ಅಧ್ಯಯನ ಫ್ರಾನ್ಸ್‌ನಲ್ಲಿ ಅಮಿಕಾಸಿನ್ ಔಷಧದಿಂದ ನಡೆದು 2023ರಲ್ಲಿ ಪ್ರಕಟವಾಗಿದೆ. ಸಲೈನ್ ಪಡೆದವರಲ್ಲಿ ನೂರಕ್ಕೆ 22 ಜನರಿಗೆ ಬಂದ ನ್ಯುಮೋನಿಯಾ, ಔಷಧ ಪಡೆದವರಲ್ಲಿ 15 ಜನರಿಗೆ ಬಂತು. ಜೀವ ಉಳಿಸಿತು ಎಂದು ಅದು ಹೇಳಿಲ್ಲ. ನ್ಯುಮೋನಿಯಾ ಕಡಿಮೆಯಾಯಿತು, ಅಷ್ಟೇ.

ಹೊಸನಗರದ ಅಡಿಕೆ ಬೆಳೆಗಾರ

ನನಗೆ ಕೊಟ್ಟದ್ದು ಇಂಗ್ಲಿಷ್ ಪ್ರತಿ. ಕನ್ನಡದ್ದನ್ನು ಕೇಳಬಹುದು ಎಂದು ಅವತ್ತು ಯಾರೂ ಹೇಳಲಿಲ್ಲ.

ತೀರ್ಥಹಳ್ಳಿಯಿಂದ (ಪ್ರಶ್ನೆ ಕೇಳಿದವರು)

ಕನ್ನಡ ಪ್ರತಿ ಸಿಕ್ಕಿತು, ಒಂಬತ್ತು ಪುಟ. ಅಕ್ಕನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಆರನೆಯ ಪುಟದಲ್ಲಿ ಹಿಂದೆ ಸರಿಯುವ ಮಾತು ಬಂದಾಗ ಅದನ್ನು ಇನ್ನೊಮ್ಮೆ ಓದಿಸಿದಳು. ಒಂಬತ್ತೂ ಮುಕ್ಕಾಲಿಗೆ ಸಹಿ ಮಾಡಿದೆ. ಇವತ್ತು ಅಪ್ಪಯ್ಯನನ್ನು ಕವುಚಿ ಮಲಗಿಸುತ್ತಾರಂತೆ.