ಹೀಟ್ ಪಂಪ್ ಹಾಕಿಸಲು ಹೊರಟರೆ 'ಲೂಪ್ ಸಪ್ಲೈ' ಅಂದರು, ಮುಂದೇನು?

ಲೀಡ್ಸ್‌ನಿಂದ ಪ್ರಶ್ನೆ: ನಮ್ಮದು 1930ರ ದಶಕದ ಸೆಮಿ ಮನೆ, ಅಂದರೆ ಒಂದು ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿದೆ. ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ತೆಗೆಸಿ, ಸರ್ಕಾರದ 7,500 ಪೌಂಡ್ ಸಹಾಯಧನದಲ್ಲಿ ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟ್‌ನಿಂದ ಒಳಗೆ ಎಳೆದು ಮನೆ ಬಿಸಿ ಮಾಡುವ ಯಂತ್ರ) ಹಾಕಿಸೋಣ ಅಂತಿದ್ದೇವೆ. ನೋಡಲು ಬಂದವರು 'ನಿಮ್ಮದು ಲೂಪ್ ಸಪ್ಲೈ, ಕರೆಂಟ್ ಜಾಲದ ಕಂಪನಿ ಒಪ್ಪಬೇಕು' ಅಂದುಬಿಟ್ಟರು. ಯಾರಿಗಾದರೂ ಹೀಗಾಗಿದೆಯಾ?

ರೆಡಿಂಗ್‌ನಿಂದ: ನಮಗೂ ಆಗಿತ್ತು. ಬೀದಿಯ ಕೇಬಲ್ ಒಂದು ಮನೆಗೆ ಬಂದು, ಅಲ್ಲಿಂದಲೇ ಪಕ್ಕದ ಮನೆಗೂ ಹೋಗಿದ್ದರೆ ಅದೇ ಲೂಪ್. ಮೀಟರ್ ಬಾಕ್ಸ್ ತೆಗೆದು ನೋಡಿದರೆ ನಮ್ಮ ಮೇನ್ ಫ್ಯೂಸಿನ ಕೆಳಗೆ ದಪ್ಪ ಕೇಬಲ್ ಎರಡು! ಒಂಬತ್ತು ವರ್ಷ ಪಕ್ಕದ ಮನೆ ಅಜ್ಜಿಗೆ ನಮ್ಮ ಮನೆ ಮೂಲಕವೇ ಕರೆಂಟ್ ಹೋಗುತ್ತಿತ್ತು, ಇಬ್ಬರಿಗೂ ಗೊತ್ತಿರಲಿಲ್ಲ. ಲೂಪ್ ಬಿಡಿಸಲು ದುಡ್ಡು ಕೇಳಲಿಲ್ಲ. ಆದರೆ ಅವರಿಗೆ ಬೇರೆ ಕೇಬಲ್ ಎಳೆಯಲು ಅಜ್ಜಿಯ ಅಂಗಳ ಅಗೆಯಬೇಕಿತ್ತು. ಗುಲಾಬಿ ಗಿಡ ಮುಟ್ಟುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಒಪ್ಪಿದರು. ಒಟ್ಟು ನಾಲ್ಕು ತಿಂಗಳು ಹಿಡಿಯಿತು. ಹಳೇ ಬಾಯ್ಲರ್ ಕೈಕೊಡುವ ತನಕ ಕಾಯಬೇಡಿ.

ಬ್ರಿಸ್ಟಲ್‌ನಿಂದ: ನಾನು ವಿತರಣಾ ಜಾಲದ ಕೆಲಸದಲ್ಲೇ ಇದ್ದೇನೆ. 60 ಆಂಪ್ ಮೇನ್ ಫ್ಯೂಸ್ ಇದ್ದರೆ ಮನೆ ಒಟ್ಟು ಎಳೆಯಬಹುದಾದದ್ದು ಸುಮಾರು 13.8 ಕಿಲೋವ್ಯಾಟ್. 8 ಕಿಲೋವ್ಯಾಟ್ ಶಾಖ ಕೊಡುವ ಪಂಪ್ ಕೊರೆಯುವ ಚಳಿಯಲ್ಲಿ ಮೂರು ಕಿಲೋವ್ಯಾಟ್‌ನ ಹತ್ತಿರ ಕರೆಂಟ್ ಎಳೆಯುತ್ತದೆ. ಒಂದು ಮನೆಗೆ ಇದು ಭಾರವಲ್ಲ, ಬೀದಿಗೆ ಭಾರ. ಹಳೇ ಕೇಬಲ್, ಟ್ರಾನ್ಸ್‌ಫಾರ್ಮರ್ ಹಾಕುವಾಗ ಮನೆಗೆ ಸರಾಸರಿ ಒಂದೆರಡು ಕಿಲೋವ್ಯಾಟ್ ಅಂತ ಲೆಕ್ಕ ಹಿಡಿದಿದ್ದರು. ಎಲ್ಲರೂ ಒಂದೇ ಹೊತ್ತಿಗೆ ಕೆಟಲ್ ಹಾಕುವುದಿಲ್ಲ ಅಲ್ವಾ? ಬೆಂಗಳೂರಲ್ಲಿ ಬೆಳಿಗ್ಗೆ ಗೀಸರ್ ಹಾಕಿದರೂ ಕಾಲು ಗಂಟೆಗೆ ಆರಿಸುತ್ತೇವೆ. ಇಲ್ಲಿ ಚಳಿ ಬಿದ್ದರೆ ಬೀದಿಯ ಪಂಪ್‌ಗಳೆಲ್ಲ ಗಂಟೆಗಟ್ಟಲೆ ಒಟ್ಟಿಗೆ ಓಡುತ್ತವೆ. ಕೊನೆಯ ಮನೆಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ನಮಗೆ ಇನ್ನೂ ಜಾಸ್ತಿ ತಲೆಬಿಸಿ ಯಾವಾಗ ಗೊತ್ತಾ? ಚಳಿಗಾಲದಲ್ಲಿ ಎರಡು ಗಂಟೆ ಹೋದ ಕರೆಂಟ್ ವಾಪಸ್ ಬಂದಾಗ. ಮನೆಗಳೆಲ್ಲ ತಣ್ಣಗಾಗಿರುತ್ತವೆ, ಪಂಪ್‌ಗಳೆಲ್ಲ ಒಮ್ಮೆಲೇ ಎದ್ದು ಎಳೆಯುತ್ತವೆ. ಅದಕ್ಕೇ ಪಂಪ್ ಹಾಕಿಸುವ ಮೊದಲೇ ನಮಗೆ ತಿಳಿಸಿ ಅನ್ನುವುದು.

ಕಾರ್ಡಿಫ್‌ನಿಂದ: ನಮ್ಮ ಮನೆಯ ಒಟ್ಟು ಕರೆಂಟ್ ಲೆಕ್ಕ ಮಿತಿ ಮೀರಿದ್ದು ಪಂಪ್‌ನಿಂದಲ್ಲ, 9 ಕಿಲೋವ್ಯಾಟ್‌ನ ಎಲೆಕ್ಟ್ರಿಕ್ ಶವರ್‌ನಿಂದ. ಪಂಪ್ ಜೊತೆ ಬಿಸಿನೀರಿನ ಸಿಲಿಂಡರ್ ಬರುತ್ತದಲ್ಲ, ಶವರ್ ತೆಗೆಸಿಬಿಟ್ಟೆವು. ಅರ್ಜಿ ಪಾಸಾಯಿತು.

ಲೀಡ್ಸ್‌ನಿಂದ: ಈಗಷ್ಟೇ ಬಾಕ್ಸ್ ತೆಗೆದು ನೋಡಿದೆ. ಕೇಬಲ್ ಒಂದೇ ಇದೆ!

ರೆಡಿಂಗ್‌ನಿಂದ: ಹಾಗಾದರೆ ನಿಮ್ಮ ಕರೆಂಟ್ ಪಕ್ಕದ ಮನೆಯಿಂದ ಬರುತ್ತಿರಬೇಕು. ಹೋಗಿ ಅವರ ಬಾಕ್ಸ್ ನೋಡಿ ಬನ್ನಿ. ಫ್ಯೂಸಿನ ಸೀಲ್ ಮಾತ್ರ ಮುಟ್ಟಬೇಡಿ.