ಹೋಂ ರನ್ ಹೊಡೆಸಿಕೊಂಡವನ ಹೆಸರಿಗೇ ಗೆಲುವಾ?

ಹೈಸ್ಕೂಲ್ ಫೀಲ್ಡ್ ಸ್ಕೋರರ್, ದಾವಣಗೆರೆ:
ನಮ್ಮ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆದರೆ ಸ್ಕೋರ್ ಬುಕ್ ನನ್ನ ಕೈಯಲ್ಲೇ ಇರುತ್ತದೆ. ಹಾಗಾಗಿ ಯಾವ ಆಟದ ಸ್ಕೋರ್ ಕಂಡರೂ ಕಣ್ಣು ಅಲ್ಲೇ ನಿಲ್ಲುತ್ತದೆ. 2016ರ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ, ಅದರ ಏಳನೇ ಪಂದ್ಯದ್ದು ನೋಡುತ್ತಿದ್ದೆ. ಚಿಕಾಗೊ ಕಬ್ಸ್ 8, ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ 7. ಒಂಬತ್ತು ಇನಿಂಗ್ಸ್‌ನ ಆಟ ಹತ್ತನೆಯದರವರೆಗೆ ಹೋಗಿದೆ. 1908ರ ನಂತರ ಕಬ್ಸ್‌ಗೆ ಇದೇ ಮೊದಲ ಕಪ್ಪಂತೆ.

ಕಬ್ಸ್ ಸಾಲಿನ ಕೊನೆಗೆ 8, 13, 3. ರನ್, ಹಿಟ್, ಎರರ್ (ಫೀಲ್ಡಿಂಗ್ ತಪ್ಪು). ಅಷ್ಟು ಅರ್ಥವಾಯಿತು. ಎಂಟನೇ ಇನಿಂಗ್ಸ್‌ನಲ್ಲಿ ಕಬ್ಸ್ 6-3 ಮುಂದಿತ್ತು. ಕಬ್ಸ್‌ನ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಚಾಪ್ಮನ್ ಬಂದ, ಕ್ಲೀವ್‌ಲ್ಯಾಂಡ್‌ನ ರಜಾಯ್ ಡೇವಿಸ್ ಹೋಂ ರನ್ (ನಮ್ಮ ಸಿಕ್ಸ್ ಇದ್ದ ಹಾಗೆ) ಹೊಡೆದ, 6-6. ಆದರೆ ಗೆದ್ದ ಪಿಚರ್ ಅಂತ ಬರೆದಿರುವುದು ಅದೇ ಚಾಪ್ಮನ್ ಹೆಸರು! ಇನ್ನೊಂದು, ಸ್ಕೋರ್ 6-6 ಆಗಲು ಮೂರು ರನ್ ಬೇಕಲ್ವಾ? ಅವನ ಲೆಕ್ಕದಲ್ಲಿ ಎರಡೇ ಇದೆ. ಉಳಿದ ಒಂದು ಎಲ್ಲಿಗೆ ಹೋಯಿತು?

ದುರ್ಗದ ಸಾಫ್ಟ್‌ಬಾಲ್ ಹುಡುಗ:
ಅಣ್ಣಾ, ಆ ಒಂದು ರನ್ ಚಾಪ್ಮನ್‌ಗಿಂತ ಮೊದಲು ಹಾಕುತ್ತಿದ್ದ ಪಿಚರ್ ಲೆಸ್ಟರ್ ತಲೆಗೆ. ಚಾಪ್ಮನ್ ಬರುವಾಗ ಮೊದಲ ಬೇಸ್‌ನಲ್ಲಿ ಒಬ್ಬ ನಿಂತಿದ್ದ. ಅವನನ್ನು ಅಲ್ಲಿಗೆ ಬಿಟ್ಟಿದ್ದು ಲೆಸ್ಟರ್. ಗೈಯರ್ ಡಬಲ್ ಹೊಡೆದು ಎರಡನೇ ಬೇಸ್ ಮುಟ್ಟಿದಾಗ, ಮೊದಲ ಬೇಸ್‌ನವನು ಹೋಂ ಬೇಸ್ ಸೇರಿ ರನ್ ಮಾಡಿದ. ಬೇಸ್‌ಗೆ ಬಿಟ್ಟವನ ಖಾತೆಗೇ ರನ್. ಆಮೇಲೆ ಡೇವಿಸ್ ಹೋಂ ರನ್‌ಗೆ ಎರಡು, ಬೇಸ್ ಮೇಲಿದ್ದ ಗೈಯರ್‌ದು ಒಂದು, ಡೇವಿಸ್‌ದು ಒಂದು; ಅವು ಚಾಪ್ಮನ್ ಖಾತೆಗೆ.

ಗೆಲುವಿನ ವಿಷಯ ಹೀಗೆ. ಒಂಬತ್ತನೇ ಇನಿಂಗ್ಸ್ ಕೂಡ ಚಾಪ್ಮನ್ ಹಾಕಿದ, ಒಬ್ಬನನ್ನೂ ಬೇಸ್‌ಗೆ ಬಿಡಲಿಲ್ಲ. ಮಳೆ ಬಂತು, 17 ನಿಮಿಷ ಆಟ ನಿಂತಿತು. ಹತ್ತನೆಯದರಲ್ಲಿ ಕಬ್ಸ್‌ನ ಜೋಬ್ರಿಸ್ಟ್ ಡಬಲ್, ಮೊಂಟೆರೊ ಸಿಂಗಲ್, 8-6. ಆ ಮುನ್ನಡೆ ಮತ್ತೆ ಕೈತಪ್ಪಲಿಲ್ಲ. ಮುನ್ನಡೆ ಸಿಕ್ಕಾಗ ಅಲ್ಲಿವರೆಗೆ ಹಾಕುತ್ತಿದ್ದ ತಂಡದ ಪಿಚರ್ ಯಾರೋ ಅವನಿಗೇ ಗೆಲುವು. ಅವನ ಇನಿಂಗ್ಸ್ 1.1 ಅಂತಿದೆ ನೋಡಿ, ಅದು ಒಂದು ಇನಿಂಗ್ಸ್ ಮತ್ತು ಒಂದು ಔಟ್. ನಮ್ಮ ಓವರ್ ಬರೆಯುವ ರೀತಿಯೇ.

ಹೈಸ್ಕೂಲ್ ಫೀಲ್ಡ್ ಸ್ಕೋರರ್:
ರನ್ ಲೆಕ್ಕ ಸರಿ, ಒಪ್ಪಿದೆ. ಗೆಲುವಿನ ಲೆಕ್ಕ ಮಾತ್ರ ಸುಮ್ನೆ ದಾನ ಕೊಟ್ಟ ಹಾಗಿದೆ. ಕೊನೆಗೆ ಬಂದ ಮಾಂಟ್ಗೊಮೆರಿ ಒಬ್ಬನೇ ಬ್ಯಾಟರ್‌ಗೆ ಹಾಕಿ ಸೇವ್ (ಮುನ್ನಡೆ ಉಳಿಸಿದ್ದಕ್ಕೆ ಸಿಗುವ ಲೆಕ್ಕ) ತೆಗೆದುಕೊಂಡಿದ್ದಾನೆ. ಅದು ನ್ಯಾಯ. ಸ್ಕೋರ್ 8-7 ಆಗಿತ್ತು, ಸಮ ಮಾಡುವವನು ಬೇಸ್ ಮೇಲೇ ನಿಂತಿದ್ದ.

ಪಿ.ಜೆ. ಬಡಾವಣೆಯವ:
ಗೆಲುವಿನ ಕಾಲಂಗೆ ಈಗ ಅಲ್ಲೂ ಜಾಸ್ತಿ ಬೆಲೆ ಇಲ್ಲ ಸರ್. 2018ರಲ್ಲಿ ಮೆಟ್ಸ್ ತಂಡದ ಪಿಚರ್ ಡಿಗ್ರಾಮ್ 10 ಗೆದ್ದು 9 ಸೋತಿದ್ದ. ಆದರೂ ಉತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೇ ಬಂತು. ಒಂಬತ್ತು ಇನಿಂಗ್ಸ್‌ಗೆ ಸರಾಸರಿ, ಎರರ್‌ನಿಂದ ಬಂದ ರನ್ ಬಿಟ್ಟು, ಬರೀ 1.70 ರನ್ ಕೊಟ್ಟಿದ್ದ. ಅವನ ಬ್ಯಾಟರ್‌ಗಳು ರನ್ ಹೊಡೆಯದಿದ್ದರೆ ಅವನೇನು ಮಾಡಬೇಕು?

ಹೈಸ್ಕೂಲ್ ಫೀಲ್ಡ್ ಸ್ಕೋರರ್:
ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಎರರ್ ಕಾಲಂ. ಕಬ್ಸ್‌ನ ಮೂರರಲ್ಲಿ ಬಾಯೆಜ್‌ದು ಎರಡು, ರಾಸ್‌ದು ಒಂದು. ಹೆಸರು ಸಮೇತ ಇದೆ. ಇಬ್ಬರೂ ಅದೇ ಪಂದ್ಯದಲ್ಲಿ ಹೋಂ ರನ್ ಹೊಡೆದಿದ್ದಾರೆ, ಅದೂ ಇದೆ. ನಮ್ಮ ಪುಸ್ತಕದಲ್ಲಿ ಕ್ಯಾಚ್ ಬಿಟ್ಟವನ ಗುರುತೇ ಇರುವುದಿಲ್ಲ. ಬೌಲರ್ ಪಾಪ, ರನ್ ಎಲ್ಲಾ ಅವನ ತಲೆಗೆ. ಮುಂದಿನ ಟೂರ್ನಮೆಂಟ್‌ಗೆ ನಾನೇ ಒಂದು ಕಾಲಂ ಗೀಚುತ್ತೇನೆ.

ಪಿ.ಜೆ. ಬಡಾವಣೆಯವ:
ಗೀಚಿ. ಆದರೆ ಕಪ್ ಕೊಡಿಸುವವರ ಮಗ ಲಾಂಗ್ ಆನ್‌ನಲ್ಲಿ ನಿಂತಿರುತ್ತಾನೆ, ಅವನ ಹೆಸರು ಬರೆಯುವಾಗ ಪೆನ್ಸಿಲ್‌ನಲ್ಲಿ ಬರೆಯಿರಿ.

ದುರ್ಗದ ಸಾಫ್ಟ್‌ಬಾಲ್ ಹುಡುಗ:
ಅಣ್ಣಾ, ಎರರ್ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುವುದು ಅಲ್ಲಿ ಸ್ಕೋರರೇ. ಅಂಪೈರ್ ಅಲ್ಲ. ಬೈಗುಳವೂ ನಿಮಗೇ ಬರುತ್ತದೆ.