ಬರೆದದ್ದಕ್ಕೆ ಗೀಟು ಎಳೆಯಬೇಡ

ಎಂತ ಮಾರಾಯ್ತಿ, ರಾತ್ರಿ ಹನ್ನೆರಡೂವರೆಗೆ ಮನೆಯವರ ಗ್ರೂಪಿಗೆ ಮೆಸೇಜು! ಪ್ರಿಪರೇಟರಿಯಲ್ಲಿ ಪುಟ್ಟಿಗೆ ಗಣಿತಕ್ಕೆ 80ರಲ್ಲಿ 31 ಬಂದಿದೆ, ಎಸ್ಸೆಸ್ಸೆಲ್ಸಿಗೆ ಇನ್ನು ಆರೇ ವಾರ, ಟ್ಯೂಷನ್‌ಗೆ ಹಾಕ್ಬೇಕಾ, ಫೇಲಾದ್ರೆ ಎಂತ ಗತಿ ಅಂತ ಕೇಳಿದ್ದಿ. ನನಗೆ ಅಷ್ಟುದ್ದ ಟೈಪ್ ಮಾಡ್ಲಿಕ್ಕೆ ಆಗುವುದಿಲ್ಲ, ಮಾತಾಡಿಯೇ ಕಳಿಸ್ತೇನೆ. ಪುಟ್ಟಿಯನ್ನೂ ಹತ್ತಿರ ಕೂರಿಸಿಕೊಂಡು ಕೇಳು. ಅವಳ ಅಪ್ಪನೂ ಕೇಳಲಿ.

ಮೊದಲು ಒಂದು ಮಾತು. ಅವಳ ಉತ್ತರ ಪತ್ರಿಕೆಯಲ್ಲಿ ಎಷ್ಟು ಕಡೆ ಗೀಟು ಎಳೆದಿದ್ದಾಳೆ ಅಂತ ನೋಡಿದ್ದಿಯಾ? ಅಡ್ಡಕ್ಕೆ ಗೀಟು ಎಳೆದು ಕಾಟು ಹಾಕಿದ್ದು? ಅದನ್ನು ನೋಡದೆ ಟ್ಯೂಷನ್ ಮಾತು ಎತ್ತಬೇಡ. ಪುಟ್ಟೀ, ಕೇಳು ಮಗಾ, ಬರೆದದ್ದಕ್ಕೆ ಗೀಟು ಎಳೆಯಬೇಡ. ಹೊಸ ಉತ್ತರ ಪೂರ್ತಿ ಆಗುವವರೆಗೆ ಹಳೆಯದನ್ನು ಮುಟ್ಟಲೇ ಬೇಡ.

ನಮ್ಮ ಸಣ್ಣ ಮಗನಿಗೆ ಆದದ್ದು ನಿಮಗೆಲ್ಲ ಗೊತ್ತುಂಟು, ಆದರೆ ಹೇಗೆ ಆಯ್ತು ಅಂತ ಪೂರ್ತಿ ಗೊತ್ತಿಲ್ಲ. ಮನೆಯಲ್ಲಿ ಗಣಿತದ ಮಾಷ್ಟ್ರು ನಾನೇ ಇದ್ದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅವನಿಗೆ ಬಂದದ್ದು ಒಂದು ರೈಲಿನ ಲೆಕ್ಕ. 360 ಕಿಲೋಮೀಟರ್ ದೂರ, ವೇಗ ಗಂಟೆಗೆ 5 ಕಿಲೋಮೀಟರ್ ಹೆಚ್ಚಾದರೆ ಒಂದು ಗಂಟೆ ಕಡಿಮೆ ಸಾಕು, ಹಾಗಾದರೆ ಮೊದಲಿನ ವೇಗ ಎಷ್ಟು? ವೇಗ ಎಕ್ಸ್ ಅಂತ ಇಟ್ಟುಕೊಂಡ. ಸಮೀಕರಣ ಸರಿಯಾಗಿಯೇ ಬಂತು, ಎಕ್ಸ್ ಸ್ಕ್ವೇರ್ ಪ್ಲಸ್ 5 ಎಕ್ಸ್ ಮೈನಸ್ 1800 ಈಕ್ವಲ್ ಟು ಸೊನ್ನೆ. ಅಪವರ್ತನವೂ ಸರಿ, 45 ಮತ್ತು 40. ಎಕ್ಸ್ ಪ್ಲಸ್ 45 ಮೊದಲು ಬರೆದಿದ್ದ, ಹಾಗಾಗಿ ಮೊದಲು ಸಿಕ್ಕಿದ್ದು ಮೈನಸ್ 45. ವೇಗ ಮೈನಸ್ ಹೇಗೆ ಬರ್ತದೆ ಅಂತ ಹೆದರಿಬಿಟ್ಟ. ಇನ್ನೊಂದು ಸಾಲು ಬರೆದಿದ್ದರೆ 40 ಬರುತ್ತಿತ್ತು. ವೇಗ ಋಣವಾಗಲು ಸಾಧ್ಯವಿಲ್ಲ, ಆದ್ದರಿಂದ ಗಂಟೆಗೆ 40 ಕಿಲೋಮೀಟರ್. ಅಷ್ಟೇ ಬಾಕಿ ಇದ್ದದ್ದು. ಅವನು ಸ್ಕೇಲ್ ಇಟ್ಟು ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಒಂದು ಗೀಟು ಎಳೆದ. ಜೆರಾಕ್ಸ್ ಪ್ರತಿ ತರಿಸಿದಾಗ ನಾನೇ ನೋಡಿದೆ. ನೀಟಾದ ಗೀಟು, ಅದರ ಅಡಿಯಲ್ಲಿ ಒಂದು ತಪ್ಪೂ ಇಲ್ಲದ ಏಳು ಸಾಲು.

ಸಮೀಕರಣಕ್ಕೆ ಇಷ್ಟು, ಅಪವರ್ತನಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು ಅಂತ ಮೌಲ್ಯಮಾಪನದಲ್ಲಿ ಹಂತ ಹಂತಕ್ಕೆ ಅಂಕ ಉಂಟು. ಉತ್ತರ ತಪ್ಪಾದರೂ ಮೇಲಿನ ಹಂತ ಸರಿ ಇದ್ದರೆ ಅದರ ಅಂಕ ಸಿಗ್ತದೆ. ಆದರೆ ಗೀಟು ಎಳೆದದ್ದು ಅಂದರೆ ವಿದ್ಯಾರ್ಥಿಯೇ ಬೇಡ ಅಂತ ಹೇಳಿದ ಹಾಗೆ. ಅದರ ಮೇಲೆ ಕೆಂಪು ಪೆನ್ನು ಓಡುವುದಿಲ್ಲ. ನಾನೂ ಅಷ್ಟು ವರ್ಷ ಮೌಲ್ಯಮಾಪನಕ್ಕೆ ಹೋದವನೇ, ಓಡಿಸಿದವನಲ್ಲ. ಆಮೇಲೆ ಸಣ್ಣವ ಅದನ್ನೇ ಮತ್ತೆ ಮಾಡ್ಲಿಕ್ಕೆ ಹೋಗಿ 25 ನಿಮಿಷ ಕಳೆದ. ಆಗ ಸಮಯ ಮುಗಿಯಿತು, ಪ್ರಮೇಯ ಹೋಯ್ತು, ಮೂರು ಅಂಕದ್ದು ಎರಡು ಹೋಯ್ತು. ರೈಲಿನ ಲೆಕ್ಕದ 4, ಪ್ರಮೇಯದ 4, ಅದರ ಮೇಲೆ 6. ಒಂದು ಗೀಟಿಗೆ 14 ಅಂಕ ಹೋಯ್ತು. ಹಾಗಾಗಿ ಇನ್ನೊಮ್ಮೆ ಹೇಳ್ತೇನೆ ಪುಟ್ಟೀ, ತಪ್ಪಾಯ್ತು ಅಂತ ಕಂಡರೂ ಗೀಟು ಎಳೆಯಬೇಡ. ಪಕ್ಕದಲ್ಲಿ ಅಥವಾ ಮುಂದಿನ ಪುಟದಲ್ಲಿ ಅದೇ ಪ್ರಶ್ನೆ ಸಂಖ್ಯೆ ಹಾಕಿ ಹೊಸದಾಗಿ ಬರಿ. ಅದು ಪೂರ್ತಿ ಆಗಿ, ತಾಳೆ ನೋಡಿ, ಇದೇ ಸರಿ ಅಂತ ಗಟ್ಟಿಯಾದ ಮೇಲೆ ಹಳೆಯದಕ್ಕೆ ಒಂದು ಗೀಟು.

ಆ ವರ್ಷ ನನಗೆ ಬೇಜಾರಾದದ್ದು ಅಂಕದ್ದಲ್ಲ. ರಿಸಲ್ಟ್ ಬಂದ ವಾರ ಒಂದು ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ನಮ್ಮವರೇ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, "ಮಾಷ್ಟ್ರ ಮಗನಿಗೆ ಗಣಿತದಲ್ಲಿ ಇಷ್ಟೇಯಾ?" ಅಂದರು. ಹುಡುಗ ಎಲೆಯಲ್ಲಿದ್ದ ಹೋಳಿಗೆ ಮುಟ್ಟದೆ ಎದ್ದ. ಇವತ್ತಿಗೂ ನನಗೆ ಅದು ಮರೆಯುವುದಿಲ್ಲ. ನಮ್ಮ ಕಡೆ ಇದು ಸ್ವಲ್ಪ ಜಾಸ್ತಿಯೇ ಆಗಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಉಡುಪಿ ಜಿಲ್ಲೆ 94 ಪರ್ಸೆಂಟ್ ತೆಗೆದು ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ನಾವು ಎರಡನೆಯದು. ಸಂತೋಷವೇ. ಮಾಷ್ಟ್ರುಗಳು, ಟೀಚರುಗಳು ಸಂಜೆ ಆರರವರೆಗೆ ಕೂತು ಕಲಿಸಿದ್ದರಿಂದ ಬಂದದ್ದು ಅದು. ಆದರೆ ನೂರಕ್ಕೆ ನೂರು ಫಲಿತಾಂಶ ಬೇಕು ಅಂತ ಒಂಬತ್ತನೆಯಲ್ಲಿಯೇ ಕಷ್ಟದ ಮಕ್ಕಳ ಮನೆಯವರನ್ನು ಕರೆದು, ಟಿಸಿ ತೆಗೆದುಕೊಂಡು ಹೋಗಿ ಅಂತ ಹೇಳುವ ಶಾಲೆಯನ್ನೂ ನೋಡಿದ್ದೇನೆ. ಹೆಸರು ಬೇಡ. 625ಕ್ಕೆ 625 ಬಂದವರ ಫ್ಲೆಕ್ಸ್ ಸರ್ಕಲ್ಲಿನಲ್ಲಿ ಹಾಕ್ತಾರೆ, 31ರಿಂದ 60ಕ್ಕೆ ಏರಿದ ಮಗುವಿಗೆ ಒಂದು ಒಳ್ಳೆ ಮಾತೂ ಇಲ್ಲ. ಆ ಏರುವುದು ಎಷ್ಟು ಕಷ್ಟ ಅಂತ ಕಲಿಸಿದವನಿಗೆ ಗೊತ್ತು. ಈ ಗ್ರೂಪಿನಲ್ಲಿಯಾದರೂ ರಿಸಲ್ಟ್ ದಿನ ಯಾರೂ ಯಾರ ಮಕ್ಕಳ ಅಂಕವನ್ನೂ ಕೇಳಬೇಡಿ. ಅವರಾಗಿ ಹೇಳಿದರೆ ಮಾತ್ರ ಸರಿ.

ಎಲ್ಲಿಗೋ ಹೋದೆ. ನೀನು ಕೇಳಿದ್ದು ಟ್ಯೂಷನ್. ಬೇಡ. ಆರು ವಾರಕ್ಕೆ ಹೊಸ ಮಾಷ್ಟ್ರು ಬಂದರೆ ಅವರ ಕ್ರಮ ಅಭ್ಯಾಸ ಆಗುವಷ್ಟರಲ್ಲಿ ಪರೀಕ್ಷೆ ಬರ್ತದೆ. ಫೇಲಿನ ಹೆದರಿಕೆಯೂ ಬೇಡ. ಲಿಖಿತ 80, ಆಂತರಿಕ 20, ಎರಡೂ ಸೇರುವುದು. 2024ರಿಂದ ಪರೀಕ್ಷೆ-1 ಆದ ಮೇಲೆ ಪರೀಕ್ಷೆ-2 ಬರೆಯುವ ಅವಕಾಶವೂ ಉಂಟು, ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುವುದು. ಆದರೆ ಅದನ್ನು ಪುಟ್ಟಿಗೆ ಈಗಲೇ ಹೇಳಿ ಸಡಿಲ ಮಾಡಬೇಡ.

ಪ್ರಿಪರೇಟರಿ ಪೇಪರ್ ತೆಗೆದು ಮೂರು ಬಣ್ಣದಲ್ಲಿ ಗುರುತು ಹಾಕು. ಗೊತ್ತಿದ್ದೂ ಸಮಯ ಸಾಲದೆ ಬಿಟ್ಟದ್ದಕ್ಕೆ ಹಸಿರು. ಅರ್ಧಕ್ಕೆ ನಿಂತದ್ದಕ್ಕೆ, ಗೀಟು ಎಳೆದದ್ದಕ್ಕೆ ನೀಲಿ. ಗೊತ್ತೇ ಇಲ್ಲದ್ದಕ್ಕೆ ಕೆಂಪು. ಮೊದಲ ಮೂರು ವಾರ ನೀಲಿ ಮಾತ್ರ, ದಿನಕ್ಕೆ ಮುಕ್ಕಾಲು ಗಂಟೆ, ಪುಸ್ತಕ ಮುಚ್ಚಿ ಬರೆದು. ಓದಿದರೆ ಗಣಿತ ಬರುವುದಿಲ್ಲ. ಕೆಂಪಿನಲ್ಲಿ ಎರಡು ಮೂರು ಆರಿಸಿಕೊಂಡರೆ ಸಾಕು, ಉಳಿದದ್ದು ಬಿಡಿ.

ನಕ್ಷೆಯ ಲೆಕ್ಕ, ಅದೇ ಎರಡು ಸಮೀಕರಣ ಕೊಟ್ಟು ಗ್ರಾಫ್‌ನಲ್ಲಿ ಬಿಡಿಸುವುದು, ಅದನ್ನು ಕಣ್ಣು ಮುಚ್ಚಿ ಮಾಡುವ ಹಾಗೆ ಆಗಬೇಕು. ಮಕ್ಕಳು ಎರಡೇ ಬಿಂದು ತೆಗೆದುಕೊಳ್ತಾರೆ. ಒಂದು ತಪ್ಪಿದರೂ ಗೆರೆ ಎಲ್ಲಿಗೋ ಹೋಗ್ತದೆ, ಗೊತ್ತೂ ಆಗುವುದಿಲ್ಲ. ಮೂರು ಬಿಂದು ತೆಗೆದರೆ, ಮೂರೂ ಒಂದೇ ಗೆರೆಯಲ್ಲಿ ಕೂರದಿದ್ದರೆ ಕೋಷ್ಟಕದಲ್ಲಿ ತಪ್ಪು ಉಂಟು ಅಂತ ಅಲ್ಲಿಯೇ ಕಾಣ್ತದೆ. ಪ್ರಮಾಣ ಬರೆಯಬೇಕು, ಗೆರೆಗಳು ಸೇರುವ ಬಿಂದುವನ್ನು ಗುರುತು ಮಾಡಿ, ಎಕ್ಸ್ ಇಷ್ಟು ವೈ ಇಷ್ಟು ಅಂತ ಕೆಳಗೆ ಬರೆಯಬೇಕು. ಆ ಕೊನೆಯ ಸಾಲನ್ನೇ ಎಷ್ಟೋ ಮಕ್ಕಳು ಬಿಡ್ತಾರೆ. ಪ್ರಮೇಯಕ್ಕೆ ಚಿತ್ರ, ದತ್ತ, ಸಾಧನೀಯ, ರಚನೆ, ಆಮೇಲೆ ಸಾಧನೆ. ಸಾಧನೆ ಮರೆತು ಹೋದರೂ ಮೊದಲಿನದ್ದನ್ನು ಬರೆದೇ ಬರಿ, ಅದಕ್ಕೂ ಅಂಕ ಉಂಟು. ಥೇಲ್ಸ್ ಪ್ರಮೇಯ, ಬಾಹ್ಯ ಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ ಅನ್ನುವುದು, ಇವೆರಡು ದಿನ ಬಿಟ್ಟು ದಿನ. ಸಮಾಂತರ ಶ್ರೇಢಿ, ಸರಾಸರಿ, ಬಹುಲಕ, ಸಂಭವನೀಯತೆ, ಇವು ಸೂತ್ರ ಬರೆದು ಬೆಲೆ ಹಾಕುವಂಥದ್ದು, ಬೇಗ ಕೈಗೆ ಬರ್ತದೆ.

ಸಮಯದ್ದು: ಮೊದಲ 15 ನಿಮಿಷ ಪ್ರಶ್ನೆ ಪತ್ರಿಕೆ ಓದ್ಲಿಕ್ಕೆ. ಆಗಲೇ "ಅಥವಾ" ಇರುವ ಕಡೆ ಯಾವುದು ಅಂತ ನಿಶ್ಚಯ ಮಾಡಿಕೊಳ್ಳಬೇಕು. ಮತ್ತೆ 3 ಗಂಟೆಗೆ 80 ಅಂಕ ಅಂದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಮೂರು ಅಂಕದ್ದಕ್ಕೆ 7 ನಿಮಿಷ, ನಾಲ್ಕರದ್ದಕ್ಕೆ 9. ಅದಕ್ಕಿಂತ ಹೆಚ್ಚಾಯ್ತಾ, ಅರ್ಧ ಪುಟ ಜಾಗ ಬಿಟ್ಟು ಮುಂದೆ ಹೋಗು, ಕೊನೆಗೆ ಬಾ. ಒಂದು ಅಂಕದ್ದನ್ನು ಬೇಗ ಮುಗಿಸಿದರೆ ಕೊನೆಗೆ 15 ನಿಮಿಷ ಉಳೀತದೆ. ಅದು ಪ್ರಶ್ನೆ ಸಂಖ್ಯೆ ಸರಿ ಉಂಟಾ, ಏಕಮಾನ ಅಂದರೆ ಚದರ ಸೆಂಟಿಮೀಟರೋ ಘನ ಸೆಂಟಿಮೀಟರೋ ಬರೆದಿದ್ದೇನಾ ಅಂತ ನೋಡ್ಲಿಕ್ಕೆ. ಭಾನುವಾರ ಬೆಳಿಗ್ಗೆ ಹಳೆಯ ಪ್ರಶ್ನೆ ಪತ್ರಿಕೆ ಒಂದು, ಗಡಿಯಾರ ಎದುರಿಗಿಟ್ಟು, ಮಧ್ಯೆ ಏಳದೆ.

ಹಾಲ್ ಟಿಕೆಟ್ ಬಂದ ದಿನವೇ ಹೆಸರು, ಹುಟ್ಟಿದ ತಾರೀಕು ನೋಡಿ. ತಪ್ಪಿದ್ದರೆ ಅವತ್ತೇ ಹೆಡ್ಮಾಷ್ಟ್ರಿಗೆ ಹೇಳಿ.

ಈಗ ಪುಟ್ಟಿಯ ಆ ಪೇಪರಿನ ಫೋಟೋ ತೆಗೆದು ನನಗೆ ಬೇರೆಯಾಗಿ ಕಳಿಸು, ಗ್ರೂಪಿಗೆ ಬೇಡ. ಎಲ್ಲ ಪುಟವೂ ಬೇಕು, ಗೀಟು ಎಳೆದದ್ದೂ ಸೇರಿ. ನಾಳೆ ಸಂಜೆ ನಾಲ್ಕಕ್ಕೆ ಫೋನು ಮಾಡ್ತೇನೆ, ಅವಳೇ ಎತ್ತಲಿ.